ಮೈಕಿನಲ್ಲಿ ಆಡಿದ ಮಾತು

ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲಿ ಒಂದು ಪದ್ಧತಿ ಇದೆ. ಊರಿನ ಗಂಡಸರು ಎರಡು ತಿಂಗಳು ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರದ ಕಲಾವಿದೆ ಮಾತ್ರ ನಾಟಕದ ದಿನವೇ ಬರುತ್ತಾಳೆ. ಬಸ್ಸು ಇಳಿದು, ಚಹಾ ಕುಡಿದು, ಬಣ್ಣ ಹಚ್ಚಿಕೊಂಡು ನೇರ ರಂಗಕ್ಕೆ. ಎದುರು ನಿಂತವನ ಮುಖ ಆಕೆ ನೋಡಿದ್ದು ಅರ್ಧ ತಾಸಿನ ಹಿಂದೆ, ಆದರೂ ಅವನ ಜೊತೆ ಹತ್ತು ವರ್ಷ ಸಂಸಾರ ಮಾಡಿದವಳ ಹಾಗೆ ಜಗಳ ತೆಗೆಯುತ್ತಾಳೆ. ಈ ಭಾಗದಲ್ಲಿ ಆಡುವ ನಾಟಕಗಳೆಲ್ಲ ಆಕೆಗೆ ಬಾಯಿಪಾಠ. ಊರು ಬದಲಾಗುತ್ತದೆ, ಗಂಡನ ಪಾತ್ರದವನು ಬದಲಾಗುತ್ತಾನೆ, ಮಾತು ಮಾತ್ರ ಬದಲಾಗುವುದಿಲ್ಲ. ಇಡೀ ಏರ್ಪಾಡು ನಿಂತಿರುವುದು ಆ ಒಂದು ನಂಬಿಕೆಯ ಮೇಲೆ. ನಾನು ಕೆಡಿಸಿದ್ದು ಅದನ್ನೇ.

ಹಾನಗಲ್ಲಿನ ಹಳೆಯ ನಾಟಕ ಮಂದಿರದಲ್ಲಿ ಕಾರ್ಯಕ್ರಮಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿ ನಾಟಕಗಳ ಕಾಲದಲ್ಲಿ ಕಟ್ಟಿದ್ದು. ಹಲಗೆಯ ರಂಗ, ಹಗ್ಗ ಜಗ್ಗಿ ಏರಿಸುವ ಪರದೆಗಳು, ಇಕ್ಕಟ್ಟಾದ ಬಣ್ಣದ ಕೋಣೆ. ಖಾಲಿ ಬಿದ್ದು ಇನ್ನೇನು ಗೋದಾಮು ಆಗುವುದರಲ್ಲಿತ್ತು, ಊರಿನ ಒಂದು ಟ್ರಸ್ಟಿನವರು ಉಳಿಸಿಕೊಂಡರು. ಈಗ ಅಲ್ಲಿ ಮಕ್ಕಳಿಗೆ ರಂಗಗೀತೆ ಶಿಬಿರ ನಡೆಯುತ್ತದೆ, ಶಾಲೆಗಳಿಗೆಂದು ಹಗಲು ನಾಟಕಗಳು ನಡೆಯುತ್ತವೆ. ಆ ವರ್ಷ ನಾನು ಹೊಸದೊಂದು ಯೋಜನೆ ಹಾಕಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಹೀಗೆ ನಾಲ್ಕು ತಾಲೂಕುಗಳಿಂದ ಒಂದೊಂದು ಹಳ್ಳಿಯ ತಂಡವನ್ನು ಆರಿಸಿ, ಅವರ ಊರಲ್ಲೇ ತಾಲೀಮು ಮಾಡಿಸಿ, ನಮ್ಮ ರಂಗದ ಮೇಲೆ ಶಾಲಾ ಮಕ್ಕಳ ಮುಂದೆ ಆಡಿಸುವುದು. ಮೊದಲ ತಂಡ ಹಿರೇಕೆರೂರು ತಾಲೂಕಿನ ಮಾಸೂರಿನದು.

ಮಾಸೂರಿನವರು ಏಳು ಜನ. ಮದಗದ ಕೆರೆಯ ನೀರಿನ ಗದ್ದೆಗಳಲ್ಲಿ ದುಡಿಯುವವರು, ಒಂದಿಬ್ಬರು ಸ್ವಂತ ಹೊಲದವರು. ಹಾರ್ಮೋನಿಯಂ ಮಾಸ್ತರರು ಅದೇ ತಾಲೂಕಿನವರು, ನಲವತ್ತು ವರ್ಷದಿಂದ ಹಳ್ಳಿ ನಾಟಕ ಕಲಿಸಿದವರು. ಸಂಜೆ ಸೊಸೈಟಿಯ ಜಗಲಿ ಮೇಲೆ ತಾಲೀಮು. ನಾನು ಹಿಂದೆ ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಎಲ್ಲರೂ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು, ನಾನೂ ಅಕ್ಕೋರ ಹಾಗೆಯೇ ನಡೆದುಕೊಳ್ಳುತ್ತಿದ್ದೆ. ಕೈಯಲ್ಲಿ ಬೆತ್ತ ಒಂದು ಇರಲಿಲ್ಲ ಅಷ್ಟೆ.

ಆರಿಸಿದ್ದು ಎಲ್ಲರೂ ಬಲ್ಲ ಹಳೆಯ ಸಾಮಾಜಿಕ ನಾಟಕ. ಪೂರ್ತಿ ಆಡಿದರೆ ಐದು ತಾಸು. ಶಾಲೆಯ ಮಕ್ಕಳು ಬಸ್ಸು ಹಿಡಿದು ಊರಿಗೆ ಮರಳಬೇಕು, ಹಾಗಾಗಿ ಎರಡೂಕಾಲು ತಾಸಿಗೆ ಇಳಿಸಿದೆ. ಹಾಸ್ಯದ ಪ್ರವೇಶಗಳನ್ನು ತೆಗೆದೆ, ಎಂಟು ಹಾಡು ಕೈಬಿಟ್ಟೆ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮೂರನೆಯ ಅಂಕದಲ್ಲಿ ಗಂಡ ಸುಳ್ಳು ಅನುಮಾನದಿಂದ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಆಕೆ ಅವನ ಕಾಲು ಹಿಡಿದು, ಹಾಡಿ ಅಳುತ್ತಾಳೆ. ಇದನ್ನು ಹೆಣ್ಣುಮಕ್ಕಳಿಗೆ ತೋರಿಸುವುದು ಹೇಗೆ ಎಂದು ನನಗೆ ಅನಿಸಿತು. ಹಾಡು ತೆಗೆದು, ಆಕೆ ಕಾಲು ಹಿಡಿಯದೆ ಎದುರುತ್ತರ ಕೊಟ್ಟು ಹೊರಟುಹೋಗುವ ಹಾಗೆ ಬರೆದೆ. ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡು ಬೀಗಿದೆ. ಮುಂದೆ ಆದದ್ದನ್ನು ನೆನೆದಾಗಲೆಲ್ಲ ಆ ಬೀಗಿದ್ದೇ ಮೊದಲು ಕಣ್ಣಿಗೆ ಬರುತ್ತದೆ. ಕಾಗದದ ಮೇಲಿನ ಹೆಣ್ಣಿನ ಮಾನ ಕಾಯಲು ಹೊರಟವಳು ಎದುರಿಗಿದ್ದ ಹೆಣ್ಣಿನ ಮಾನ ಕಳೆದೆ.

ಬದಲಿಸಿದ ನಾಟಕವನ್ನು ಎಂಟು ಪ್ರತಿ ಝೆರಾಕ್ಸ್ ಮಾಡಿಸಿದೆ. ಏಳು ಮಾಸೂರಿಗೆ ಹೋದವು. ಎಂಟನೆಯದು ಹೆಂಡತಿಯ ಪಾತ್ರದ ಕಲಾವಿದೆಗೆ. ಅವರು ಇದ್ದದ್ದು ಸವಣೂರು ತಾಲೂಕಿನ ಯಲವಿಗಿಯಲ್ಲಿ. ಅಲ್ಲಿ ರೈಲು ನಿಲ್ಲುತ್ತದೆ ಎನ್ನುವ ಕಾರಣಕ್ಕೇ ಆ ಊರಲ್ಲಿ ಮನೆ ಮಾಡಿದವರು. ಐವತ್ತು ದಾಟಿದವರು, ಕಂಪನಿಯಲ್ಲಿ ಬಾಲಪಾತ್ರದಿಂದ ಬೆಳೆದವರು. ಫೋನ್ ಮಾಡಿ ನಾಟಕದ ಹೆಸರು ಹೇಳಿದೆ. ಅದು ತಮಗೆ ಬಾಯಿಪಾಠ, ದಿನ ಹೇಳಿದರೆ ಸಾಕು ಎಂದರು. ಸ್ವಲ್ಪ ಬದಲಾಗಿದೆ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಪ್ರತಿಯನ್ನು ಅಂಚೆಗೆ ಹಾಕೋಣ ಎಂದುಕೊಂಡೆ, ಮಾಸ್ತರರ ಕೈಲಿ ಕಳಿಸೋಣ ಎಂದುಕೊಂಡೆ. ಕೊನೆಗೆ, ನಾಟಕದ ದಿನ ಬೆಳಿಗ್ಗೆ ಬೇಗ ಬರುತ್ತಾರಲ್ಲ, ಒಂದು ಸಲ ಓದಿಸಿದರಾಯಿತು ಎಂದು ಕಪಾಟಿನಲ್ಲಿ ಇಟ್ಟೆ.

ಆ ದಿನ ಸವಣೂರಿನಿಂದ ಬರುವ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಅವರು ಮಂದಿರಕ್ಕೆ ಬಂದಾಗ ಹತ್ತೂವರೆ, ನಾಟಕ ಹನ್ನೊಂದಕ್ಕೆ. ಹೊರಗೆ ಐದು ಶಾಲೆಗಳ ಮಕ್ಕಳ ಗದ್ದಲ. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬರುವವರಿದ್ದರು. ಅವರಿಗೆ ಹಿಡಿಸಿದರೆ ಯೋಜನೆ ಮುಂದಿನ ವರ್ಷವೂ ಉಳಿಯುತ್ತಿತ್ತು. ನಾನು ಬಣ್ಣದ ಕೋಣೆಗೆ ಓಡಿ, ಕನ್ನಡಿ ಮುಂದೆ ಕುಳಿತಿದ್ದ ಕಲಾವಿದೆಯ ಕೈಗೆ ಪ್ರತಿ ಕೊಟ್ಟು, ಅಲ್ಲಲ್ಲಿ ಬದಲಾಗಿದೆ, ನೋಡಿಕೊಳ್ಳಿ ಎಂದೆ.

ಅವರು ಪ್ರತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದನಿ ತಗ್ಗಿಸಿ, "ಅಕ್ಕೋರ, ನನಗ ಓದಾಕ ಬರಂಗಿಲ್ರಿ. ಕೇಳಿ ಕಲ್ತಾಕಿ ನಾನು. ಎಲ್ಲೆಲ್ಲಿ ಬದಲ್ಯಾಗೇತಿ ಅಷ್ಟ ಒಮ್ಮೆ ಓದಿ ಹೇಳ್ರಿ" ಅಂದರು.

ಅಷ್ಟರಲ್ಲಿ ಹೊರಗೆ ಜೀಪು ಬಂದ ಸದ್ದಾಯಿತು. ಮಾಸ್ತರರು ರಂಗದ ಬದಿಯ ವಿಂಗಿನಿಂದ ಹೇಳಿಕೊಡುತ್ತಾರೆ ಎಂದು ಹೇಳಿ ನಾನು ಅಧಿಕಾರಿಯನ್ನು ಸ್ವಾಗತಿಸಲು ಹೋದೆ. ಮಾಸ್ತರರಿಗೆ ಆ ವಿಷಯ ಹೇಳಲೂ ಇಲ್ಲ. ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಮ್ಮಿನ, ಕಾಲುಪೆಟ್ಟಿಗೆಯ, ಮುಂದೆ ಕುಳಿತು ಎರಡು ಕೈ, ಎರಡು ಕಾಲು ಆಡಿಸುವ ಮನುಷ್ಯ ಅದರ ಮೇಲೆ ಪುಸ್ತಕ ಹಿಡಿದು ಮಾತು ಹೇಳಿಕೊಡುವುದು ಹೇಗೆ ಎಂಬ ಯೋಚನೆಯೂ ನನಗೆ ಬರಲಿಲ್ಲ.

ಮೊದಲೆರಡು ಅಂಕದಲ್ಲಿ ಹೆಂಡತಿಯ ಮಾತು ಹೆಚ್ಚು ಬದಲಾಗಿರಲಿಲ್ಲ. ನಾಟಕ ಚೆನ್ನಾಗಿಯೇ ನಡೆಯಿತು. ಕಲಾವಿದೆ ರಂಗಕ್ಕೆ ಬಂದ ಕೂಡಲೇ ಮಾಸೂರಿನವರ ಮೈಯಲ್ಲಿ ಬಿಗಿ ಬಂತು. ಗಂಡನ ಪಾತ್ರದವರು, ಗದ್ದೆಗೆ ನೀರು ಹಾಯಿಸುವ ಆಳು, ತಾಲೀಮಿನಲ್ಲಿ ಎಂದೂ ಆಡದ ಹಾಗೆ ಆಡಿದರು. ನಾನು ಅಧಿಕಾರಿಯ ಪಕ್ಕ ಕುಳಿತು ಅವರ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ.

ಮೂರನೆಯ ಅಂಕದಲ್ಲಿ ಗಂಡ ಬಾಗಿಲು ತೋರಿಸಿ, ಹೊರಗೆ ನಡೆ ಎಂದ. ಕಲಾವಿದೆ, ಅವರು, ಓಡಿಬಂದು ಅವನ ಕಾಲಿಗೆ ಬಿದ್ದು ಹಳೆಯ ಮಾತು ಶುರುಮಾಡಿದರು. ಹಾಡು ಶುರುವಾಗಲೆಂದು ಮಾಸ್ತರರಿಗೆ ಎತ್ತುಗಡೆಯನ್ನೂ ಕೊಟ್ಟರು. ಮಾಸ್ತರರ ಕೈ ಒಂದು ಕ್ಷಣ ಪೆಟ್ಟಿಗೆಯ ಮೇಲೆ ಹಾಗೇ ನಿಂತಿತು, ಹೊಸ ಪ್ರತಿಯಲ್ಲಿ ಆ ಹಾಡಿಲ್ಲ. ಗಂಡನ ಪಾತ್ರದವರು ಕಾಲು ಹಿಂದಕ್ಕೆ ಎಳೆದುಕೊಂಡು, ಮೇಲಿನಿಂದ ಮೈಕು ಇಳಿಬಿಟ್ಟಿದೆ ಎಂಬುದನ್ನು ಮರೆತು, "ಯಕ್ಕಾ, ಏಳ್ರಿ, ಅದು ಇಲ್ಲ ಈಗ" ಅಂದರು. ಮಂದಿರ ತುಂಬ ಮಕ್ಕಳು ಗೊಳ್ಳೆಂದು ನಕ್ಕರು.

ಅವರು ಏಳಲಿಲ್ಲ. ಏನೋ ಆಗಿದೆ ಎಂದು ತಿಳಿದು, ಹಾಡು ಬಿಟ್ಟು, ಮಾತಿನಲ್ಲೇ ದೃಶ್ಯವನ್ನು ಎಳೆದುಕೊಂಡು ಹೋಗಲು ನೋಡಿದರು. ಹಳೆಯ ನಾಟಕದಲ್ಲಿ ಗಂಡ ಏನು ಹೇಳಬೇಕೋ ಅದನ್ನು ಹೊರಡಿಸಲು ನಾಲ್ಕು ಸಲ ಎಳೆ ಕೊಟ್ಟರು. ಆದರೆ ಮಾಸೂರಿನವರಿಗೆ ಕಥೆ ಗೊತ್ತಿದ್ದರೂ ಹಳೆಯ ಮಾತು ಬಾರದು, ನಾನು ಕಲಿಸಿದ್ದಷ್ಟೇ ಗೊತ್ತು. ನಗು ಜೋರಾಯಿತು. ಪರದೆ ಬಿತ್ತು.

ಅಧಿಕಾರಿ ನನ್ನ ಕಡೆ ತಿರುಗಿ, ತಾಲೀಮು ಮಾಡಿಸಿರಲಿಲ್ಲವೇ ಎಂದು ಕೇಳಿದರು. ಬಹಳ ಮೆತ್ತಗೇ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಎದ್ದು ಸೀದಾ ರಂಗದ ಪಕ್ಕಕ್ಕೆ ಹೋಗಿ ಮೈಕು ಹಿಡಿದೆ. "ಮಾಸೂರಿನ ನಮ್ಮ ಕಲಾವಿದರು ಎರಡು ತಿಂಗಳು ಶ್ರಮಪಟ್ಟಿದ್ದಾರೆ, ಅವರದು ಯಾವ ತಪ್ಪೂ ಇಲ್ಲ. ಹೊರಗಿನಿಂದ ಬಂದ ಕಲಾವಿದೆ ಮಾತು ಮರೆತಿದ್ದರಿಂದ ತೊಂದರೆಯಾಗಿದೆ, ದಯವಿಟ್ಟು ಸಹಕರಿಸಿ" ಎಂದೆ. ಹೊರಗಿನಿಂದ ಬಂದವರು ಒಬ್ಬರೇ. ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಮೈಕು ಕೆಳಗಿಟ್ಟು ತಿರುಗಿದರೆ ಅವರು ವಿಂಗಿನಲ್ಲಿ, ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ಮಾಸ್ತರರು ಪೆಟ್ಟಿಗೆ ಬಿಟ್ಟು ಎದ್ದು ಬಂದು ಅವರ ಪಕ್ಕ ನಿಂತು ಹೊಸ ಮಾತು ಓದುತ್ತಿದ್ದರು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡು ಸಲ ಓದಿಸಿಕೊಂಡರು, ಐದು ನಿಮಿಷವೂ ಹಿಡಿಯಲಿಲ್ಲ. ಪರದೆ ಎದ್ದಿತು, ಅವರು ನಾನು ಬರೆದ ಎದುರುತ್ತರವನ್ನು ಒಂದಕ್ಷರ ತಪ್ಪದೆ ಹೇಳಿ ಬಾಗಿಲು ದಾಟಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರಿಗೆ ಬೇಕಾಗಿದ್ದದ್ದು ಐದು ನಿಮಿಷ. ಅದನ್ನು ನಾನು ಕೊಟ್ಟಿರಲಿಲ್ಲ.

ನಾಟಕ ಮುಗಿದ ಮೇಲೆ ಅವರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಚೀಲ ಹಿಡಿದು, ಎಲ್ಲರಿಗೂ ಬರ್ತೇನ್ರಿ ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದರು. ನನಗೂ ಹೇಳಿದರು. ನಾನು ಯಾವುದೋ ಶಾಲೆಯ ಬಸ್ಸು ಹೊರಡಿಸುವ ಕೆಲಸದಲ್ಲಿದ್ದವಳಂತೆ ಕೈ ಆಡಿಸಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈಗ ಹಾಗೂ ಇಲ್ಲ, ಆಡಿದ ಮಾತು ಫೋನಿನಲ್ಲಿ ಉಳಿಯುತ್ತದೆ. ಯಾರೋ ಒಬ್ಬ ಶಿಕ್ಷಕರು ಮಾಡಿದ ವಿಡಿಯೋ, ಕಾಲಿಗೆ ಬಿದ್ದದ್ದು, ನಕ್ಕಿದ್ದು, ಆಮೇಲೆ ನನ್ನ ದನಿ, ಎಲ್ಲ ಸೇರಿ ಹಳ್ಳಿ ನಾಟಕದವರ ಗುಂಪುಗಳಲ್ಲಿ ಓಡಾಡಿತು. ಸುಗ್ಗಿ ಮುಗಿದು ನಾಟಕಗಳ ಹಂಗಾಮು ಶುರುವಾಗುವ ಹೊತ್ತು. ಊರೂರಿನವರು ಎಲೆ ಅಡಿಕೆ ಕೊಟ್ಟು ಕಲಾವಿದೆಯರನ್ನು ಗೊತ್ತು ಮಾಡಿ ಬರುವುದು ಆಗಲೇ.

ಎರಡನೆಯ ತಂಡ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯದು. ನಾನು ಮಾಸ್ತರರ ಜೊತೆ ಮೊದಲ ಸಲ ಅಲ್ಲಿಗೆ ಹೋದಾಗ ಊರಿನ ಹಿರಿಯ ಗೌಡರು ಕುರ್ಚಿ ಹಾಕಿಸಿ, ಚಹಾ ಕೊಟ್ಟು, ಒಂದು ಮಾತು ಕೇಳಿದರು. ಯಲವಿಗಿಯವರಿಗೆ ಈಗ ಮಾತು ನೆನಪಿರುವುದಿಲ್ಲವಂತೆ, ನೀವೇ ಹೇಳಿದ್ದಂತೆ, ಹೌದೇ ಎಂದು. ಇಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಬೇಕಾಗಿರಲಿಲ್ಲ. ಎದುರಿಗೆ ತಂಡದವರೆಲ್ಲ ಕುಳಿತಿದ್ದರು. ನಾನು ಚಹಾ ಕುಡಿಯುತ್ತ, "ವಯಸ್ಸಾತಲ್ರಿ" ಎಂದೆ.

ಮೈಕಿನಲ್ಲಿ ಹೇಳಿದ್ದು ಗಾಬರಿಯಲ್ಲಿ ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದನ್ನು ಕುರ್ಚಿಯ ಮೇಲೆ ಆರಾಮಾಗಿ ಕುಳಿತು ಹೇಳಿದ್ದೆ. ಊರಿಗೆ ಮರಳುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಮಾಸ್ತರರು, ಮೊದಲೇ ಯಲವಿಗಿಗೆ ಹೋಗಿ ಎಲೆ ಅಡಿಕೆ ಕೊಟ್ಟುಬಂದಿದ್ದ ನಾಲ್ಕು ಊರಿನವರು ಆ ವಿಡಿಯೋ ಬಂದ ಮೇಲೆ ಬೇರೆಯವರನ್ನು ಕರೆದುಕೊಂಡರು ಎಂದು ಸುಮ್ಮನೆ ಸುದ್ದಿ ಹೇಳುವವರಂತೆ ಹೇಳಿದರು. ಹಂಗಾಮಿನಲ್ಲಿ ಸಿಕ್ಕ ನಾಟಕಗಳೇ ಆ ಕಲಾವಿದೆಯ ವರ್ಷದ ಅನ್ನ ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ನಾಚಿಕೆಯಿಂದ ಮಾಸ್ತರರ ಕಡೆ ತಿರುಗಲು ಆಗಲಿಲ್ಲ, ಕಿಟಕಿಯ ಹೊರಗೇ ನೋಡುತ್ತ ಕುಳಿತೆ.

ಮರುವಾರ ಯಲವಿಗಿಗೆ ಹೋದೆ. ಸ್ಟೇಷನ್ನಿನ ಹಿಂದೆ ಎರಡು ಖೋಲಿಯ ಮನೆ. ಅವರು ಜೋಳ ಹಸನು ಮಾಡುತ್ತಿದ್ದರು, ಮೊರ ಬದಿಗಿಟ್ಟು ಚಾಪೆ ಹಾಸಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತನ್ನು ಹೇಳಿದೆ. ತಪ್ಪು ನನ್ನದು, ಕ್ಷಮಿಸಬೇಕು ಎಂದೆ. ಹಿರೇಬೆಂಡಿಗೇರಿಯಲ್ಲಿ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

"ಮನಿಯಾಗ ಕುಂತು ತಪ್ಪಾತು ಅಂದ್ರ ಈ ಮನಿಗಷ್ಟ ಕೇಳಸ್ತೈತ್ರಿ ಅಕ್ಕೋರ" ಎಂದರು. "ನೀವು ಅಂದಿದ್ದು ಮೈಕಿನ್ಯಾಗ."

ಹಿರೇಬೆಂಡಿಗೇರಿಯ ನಾಟಕಕ್ಕೂ ನೀವೇ ಬರಬೇಕು, ನಾಟಕದ ಮೊದಲು ಅದೇ ಮೈಕಿನಲ್ಲಿ ಹೇಳುತ್ತೇನೆ ಎಂದೆ. ಅವರು ಜೋಳದ ಮೇಲೆ ಕೈ ಆಡಿಸಿ, ಬರುತ್ತೇನೆ, ಆದರೆ ಪೂರ್ತಿ ನಾಟಕ ಮುಂಚಿತವಾಗಿ ಓದಿ ಹೇಳಬೇಕು, ಕಡಿತ ಎಲ್ಲಿ, ಹೊಸದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು ಎಂದರು.

ಟ್ರಸ್ಟಿನ ಅಧ್ಯಕ್ಷರಿಗೆ ಇದು ಹಿಡಿಸಲಿಲ್ಲ. ಆದದ್ದು ಆಗಿಹೋಯಿತು, ಸಂಸ್ಥೆಯವರೇ ಎದ್ದು ನಿಂತು ನಾವು ಸುಳ್ಳು ಹೇಳಿದೆವು ಎಂದರೆ ಇಲಾಖೆಯವರು ಏನು ತಿಳಿದಾರು ಎಂದರು. ತಮ್ಮ ಮಟ್ಟಿಗೆ ಅವರು ಹೇಳಿದ್ದು ಸುಳ್ಳಲ್ಲ. ಎರಡು ದಿನ ನಾನೂ ಹಿಂದೆ ಮುಂದೆ ನೋಡಿದೆ. ಕೊನೆಗೆ, ಸಂಸ್ಥೆ ಸುಳ್ಳು ಹೇಳಿಲ್ಲ, ಹೇಳಿದವಳು ನಾನು, ನನ್ನ ಹೆಸರಿನಲ್ಲೇ ಹೇಳುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಮೂರು ದಿನ ಬೆಳಿಗ್ಗೆ ಯಲವಿಗಿಗೆ ಹೋಗಿ ಓದಿ ಹೇಳಿದೆ. ಅದು ಹೇಗೆ ನಡೆಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಮಾತು ಓದಿದರೆ, ಆಗ ಗಂಡ ಎಲ್ಲಿ ನಿಂತಿದ್ದಾನೆ, ಯಾವ ಕಡೆಯಿಂದ ಬಂದ, ಕೈಯಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಅದು ತಿಳಿದ ಮೇಲೆಯೇ ಮಾತು ಬಾಯಿಗೆ. ಮೂರು ಸಲ ಅಂದು, ಮುಂದಿನದಕ್ಕೆ ಹೋಗಿ, ಹತ್ತು ಮಾತಾದ ಮೇಲೆ ಮೊದಲಿನಿಂದ. ಹಿರೇಬೆಂಡಿಗೇರಿಯವರೂ ಅದೇ ನಾಟಕವನ್ನು ಆಡುವವರಿದ್ದರು, ಹಾಗಾಗಿ ನನ್ನ ಎದುರುತ್ತರವೂ ಬಂತು. "ನಾನು ಹೊಸ್ತಿಲು ದಾಟಿದ ಮೇಲೆ ಇಲ್ಲಿ ಉಳಿಯುವುದು ಗೋಡೆ ಮಾತ್ರ, ಮನೆಯಲ್ಲ" ಎಂಬುದು ನಾನು ಬರೆದ ಕೊನೆಯ ಮಾತು. ಅವರು ಅದನ್ನು ಎರಡು ಸಲ ಅಂದು ನೋಡಿದರು.

"ಮಾತು ಚಲೋ ಐತ್ರಿ. ಆದ್ರ ದಾಟೂ ಮುಂದ ಅನ್ನಬಾರದು. ದಾಟಿ, ಹೊರಗ ಹೊಳ್ಳಿ ನಿಂತು ಅನ್ನಬೇಕು. ಒಳಗಿದ್ದಾಗ ಅಂದ್ರ ಅದು ಜಗಳ ಆಕ್ಕತಿ."

ಪ್ರತಿಯಲ್ಲಿ ಹಾಗೇ ತಿದ್ದಿಕೊಂಡೆ. ಈ ಮಾತನ್ನು ನಾಟಕ ತಿದ್ದುವಾಗಲೇ ಇಲ್ಲಿ ಬಂದು ಕುಳಿತು ಕೇಳಬಹುದಿತ್ತು.

ಹಿರೇಬೆಂಡಿಗೇರಿಯವರ ಎರಡು ತಿಂಗಳ ತಾಲೀಮು ಮುಗಿದು ನಾಟಕದ ದಿನ ಬಂದಾಗ, ಎರಡನೆಯ ಗಂಟೆ ಬಾರಿಸಿದ ಮೇಲೆ ಪರದೆಯ ಮುಂದೆ ನಿಂತು ಮೈಕು ಹಿಡಿದೆ. ಮಾಸೂರಿನ ನಾಟಕದ ದಿನ ಇದೇ ಜಾಗದಲ್ಲಿ ನಾನು ಸುಳ್ಳು ಹೇಳಿದೆ, ಕಲಾವಿದೆ ಮಾತು ಮರೆತಿರಲಿಲ್ಲ, ಮಾತು ಬದಲಿಸಿ ಅವರಿಗೆ ತಿಳಿಸದೆ ಇದ್ದವಳು ನಾನು, ಅವರು ಕೇಳಿದಾಗಲೂ ತಿಳಿಸಲಿಲ್ಲ, ಹಿರೇಬೆಂಡಿಗೇರಿಯ ಹಿರಿಯರ ಮುಂದೆಯೂ ಅದೇ ಸುಳ್ಳನ್ನು ಮುಂದುವರಿಸಿದೆ ಎಂದು ಕಲಾವಿದೆಯ ಹೆಸರು ಹಿಡಿದು ಹೇಳಿದೆ. ಮಕ್ಕಳಿಗೆ ಏನೂ ತಿಳಿಯಲಿಲ್ಲ. ಹಿಂದೆ ಕುಳಿತ ಗೌಡರು ತಲೆ ತಗ್ಗಿಸಿದರು, ನನ್ನ ಪರವಾಗಿ ನಾಚಿಕೊಂಡವರಂತೆ. ನಾಟಕ ಸೊಗಸಾಗಿ ಆಯಿತು. ಕಲಾವಿದೆ ಹೊಸ್ತಿಲು ದಾಟಿ, ಹೊರಳಿ ನಿಂತು ಆ ಮಾತು ಅಂದಾಗ ಮಂದಿರದಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಅವರ ಚೀಲ ನಾನೇ ಹಿಡಿದು ನಡೆದೆ. ಹೇಳಿಬಿಟ್ಟೆನಲ್ಲ ಎಂಬ ಹಗುರದಲ್ಲಿ ಇದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. ಬಸ್ಸು ಹತ್ತುವ ಮೊದಲು ಅವರು, "ಮಾಸೂರಿನವರು ಯಾರೂ ಇರಲಿಲ್ಲಲ್ರಿ" ಎಂದರಷ್ಟೆ.

ನಿಜ. ಆವತ್ತು ಕೇಳಿದವರು ಬೇರೆ, ಇವತ್ತು ಕೇಳಿದವರು ಬೇರೆ. ಮರುದಿನವೇ ಮಾಸೂರಿಗೆ ಹೋದೆ. ಗದ್ದೆ ಕೆಲಸ ಬಿಟ್ಟು ಬಂದ ಏಳೂ ಜನ ಸೊಸೈಟಿಯ ಜಗಲಿ ಮೇಲೆ ಕುಳಿತರು. ಮತ್ತೆ ಎಲ್ಲ ಹೇಳಿದೆ. ಗಂಡನ ಪಾತ್ರ ಮಾಡಿದ್ದವರು ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

"ನಮಗ ಆವತ್ತ ಗೊತ್ತಿತ್ರಿ ಅಕ್ಕೋರ. ನೀವು ಮೈಕ್ ಹಿಡದಾಗ, ತಪ್ಪು ನಂದು ಅಂತೀರಿ ಅಂದ್ಕೊಂಡಿದ್ವಿ."

ಮತ್ತೆ ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಕಲಸಾಕ ಬಂದವರು, ನಿಮಗ ನಾವು ಏನ್ ಹೇಳೂದ್ರಿ. ನಮ್ಮ ಕೈಲಾದದ್ದು ನಾವು ಮಾಡಿದ್ವಿ. ಹಳೇ ಮಾತು ಮಾಸ್ತರರ ಕಡೆ ಪೂರ್ತಿ ಕಲ್ತು, ಹೋದ ತಿಂಗಳ ಊರಾಗ ಆ ನಾಟಕ ಇಟ್ಟು, ಅವರನ್ನ ಕರಸಿದ್ವಿ. ಕಾಲಿಗೆ ಬಿದ್ದು ಹಾಡಿದ್ರು ನೋಡ್ರಿ, ಮಂದಿ ಎದ್ದು ನಿಂತು ಮತ್ತೊಮ್ಮೆ ಹಾಡಸಿದ್ರು." ಅವರು ನೆಲ ನೋಡುತ್ತ, "ನಿಮ್ಮನ್ನ ಕರೀಬೇಕು ಅಂತ ಮಾತು ಬಂದಿತ್ತು. ಅವರು ಎದುರಿಗಿರ್ತಾರ, ನಿಮಗ ಸಂಕಟ ಆಕ್ಕತಿ ಅಂತ ಬಿಟ್ವಿ" ಎಂದರು.

ಅವರ ಗದ್ದೆಗೆ ಅಂದು ನೀರಿನ ಪಾಳಿಯಿತ್ತು. ಹೊತ್ತಾಯಿತು ಎಂದು ಒಬ್ಬೊಬ್ಬರೇ ಎದ್ದು ಹೋದರು. ನಾನು ಆ ಜಗಲಿಯ ಮೇಲೆ, ಎರಡು ತಿಂಗಳು ಅವರಿಗೆ ಮಾತು ಕಲಿಸಿದ ಜಾಗದಲ್ಲಿ, ಏಳಲಾರದೆ ಕುಳಿತೇ ಇದ್ದೆ.